ಭಾನುವಾರವನ್ನೂ ಕೇಳಿದ ಟೀಚರ್

ನಮ್ಮ ಗಣಿತದ ಟೀಚರ್ ಶಾಲೆ ಬಿಟ್ಟ ಹುಡುಗಿಯರ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಹೋದವರೇ ಛತ್ರಿಯನ್ನು ಕಿಟಕಿಯ ಸರಳಿಗೆ ನೇತುಹಾಕಿ, “ಕೊನೇ ಮಾತು ಹೇಳ್ಬಿಡಿ” ಎಂದು ಕೂರುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅಮ್ಮನ ಬಾಣಂತನ ಬಂತು. ಮನೆಗೆಲಸಕ್ಕೆಂದು ಅಜ್ಜಿ ನನ್ನನ್ನು ಶಾಲೆ ಬಿಡಿಸಿದಳು. ಮೂರನೆಯ ದಿನವೇ ಚಾಮರಾಜಪೇಟೆಯ ನಮ್ಮ ಕಿಟಕಿಯಲ್ಲಿ ಆ ಛತ್ರಿ ನೇತಾಡಿತು.

“ವಾರಕ್ಕೆ ಎರಡು ದಿನ ಕಳಿಸ್ತೀನಿ ಟೀಚರಮ್ಮ,” ಎಂದಳು ಅಜ್ಜಿ.

“ಏಳು ದಿನಾನೂ ಬೇಕು ಅಜ್ಜಿ. ಪರೀಕ್ಷೆ ಹತ್ರ ಬಂತು.”

“ಭಾನುವಾರಾನೂನಾ? ಅವತ್ತು ಇವಳ ತಲೆಗೆ ಎಣ್ಣೆ ಹಾಕೋರ್ಯಾರು, ನೀವಾ?”

“ಹಾಕ್ತೀನಿ, ಕಳಿಸಿ.”

ಅಜ್ಜಿ ಕೆರಳಿದಳು. ಅರ್ಧ ಗಂಟೆ ಭಾನುವಾರಕ್ಕಾಗಿಯೇ ಜಗ್ಗಾಟ ನಡೆಯಿತು. ಕೊನೆಗೆ ಟೀಚರ್ ಸೋತವರಂತೆ ನಿಟ್ಟುಸಿರು ಬಿಟ್ಟು, “ಹೋಗ್ಲಿ, ಭಾನುವಾರ ನೀವೇ ಇಟ್ಕೊಳ್ಳಿ. ಮಿಕ್ಕಿದ್ದು ನಂದು,” ಎಂದು ಛತ್ರಿ ತೆಗೆದುಕೊಂಡು ಹೊರಟರು.

ಅಂಗಡಿ ನಡೆಸಿ ಹಣ್ಣಾದ ನಾನು ಹೇಳುತ್ತೇನೆ, ಕೇಳಿ: ಚೌಕಾಸಿಗೆ ಕೂತಾಗ ಬಿಟ್ಟುಕೊಡಲಿಕ್ಕೆಂದೇ ಒಂದನ್ನು ಜಾಸ್ತಿ ಕೇಳಬೇಕು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟ ನನ್ನ ಜಡೆ ಹೆಣೆಯುತ್ತ ಅಜ್ಜಿ ಪಕ್ಕದ ಮನೆಯಾಕೆಗೆ ಕೂಗಿ ಹೇಳಿದಳು: “ಟೀಚರಮ್ಮನ್ನ ಹೆಂಗೆ ಸೋಲಿಸ್ದೆ ನೋಡಿದ್ರಾ? ಒಂದೇ ಒಂದು ಭಾನುವಾರಾನೂ ಬಿಟ್ಕೊಡ್ಲಿಲ್ಲ!”