ತೌಡಿಗೆ ಕೊಂಡ ಹೆಸರು

ಗಿರಣಿ ಮೌಶಿಯ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಹುಬ್ಬಿಗೆ ಹಿಟ್ಟು, ರೆಪ್ಪೆಗೆ ಹಿಟ್ಟು, ಕಿವಿಯ ಹಿಂದೆಯೂ ಹಿಟ್ಟು. ನಾಶಿಕದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವರ ಹಿಟ್ಟಿನ ಗಿರಣಿ ಇತ್ತು; ಓಣಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ. ಸೊಲ್ಲಾಪುರದ ಕಡೆಯವರು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಬದುಕಿ ಬದುಕಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು.

ನನ್ನ ಹೆಸರು ತೌಡವ್ವ. ಇನ್ನೊಬ್ಬರಿಗೆ ಈ ಹೆಸರಿದ್ದುದನ್ನು ನಾನಂತೂ ಕೇಳಿಲ್ಲ. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಅವ್ವನಿಗೆ ದಕ್ಕಿರಲಿಲ್ಲ. ಹಾಗಾಗಿ ನಾನು ಹುಟ್ಟಿದ ಬೆಳಿಗ್ಗೆಯೇ, ನಮ್ಮ ಊರ ಕಡೆಯ ಪದ್ಧತಿಯಂತೆ, ಮೊರದಲ್ಲಿ ಮಲಗಿಸಿ ಮೌಶಿಗೆ ಕೊಟ್ಟುಬಿಟ್ಟರು. ಸಂಜೆ ಒಂದು ಹಿಡಿ ತೌಡು ಕೊಟ್ಟು ಮರಳಿ ಕೊಂಡರು; ಆ ವ್ಯಾಪಾರದ ಗುರುತಿಗೆ ಈ ಹೆಸರಿಟ್ಟರು. ತೌಡಿಗೆ ಕೊಂಡ ಕೂಸಿನ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲವೆಂದು ನಂಬಿಕೆ. ಆ ತೌಡಾದರೂ ಮೌಶಿಯ ಗಿರಣಿಯದೇ!

"ನನ್ನ ತೌಡ ನನಗೇ ಕೊಟ್ಟು ಪೋರಿನ್ನ ಒಯ್ದರು ನೋಡ್ರಿ" ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದರು.

ಮ್ಯಾಟ್ರಿಕ್ ಅರ್ಜಿ ತುಂಬುವಾಗ ಸುನೀತಾ ಆಗುತ್ತೇನೆಂದು ಹಟ ಹಿಡಿದೆ. ಹೆಸರಿನ ಅರ್ಥ ಹೇಳಿ ಹೇಳಿ ಶಾಲೆಯಲ್ಲಿ ನಾಚಿಕೆಯಿಂದ ಹಿಡಿಯಷ್ಟಾಗಿದ್ದೆ. ಅಪ್ಪ ಹೂಂ ಅಂದ. ಅವ್ವ ಮಾತ್ರ ಮುಖ ಸಣ್ಣದು ಮಾಡಿ, "ಮೌಶಿನ್ನ ಕೇಳು" ಅಂದಳು.

ಮೌಶಿ ಗಿರಣಿ ನಿಲ್ಲಿಸಿದರು. ಗಿರಾಕಿಗಳು ಕಾಯುತ್ತಿದ್ದಾಗ ಅವರು ಹಾಗೆ ಮಾಡಿದ್ದು ಅದೊಂದೇ ಸಲ.

"ಹೆಸರ ಬಿಟ್ಟಿ ಅಂದ್ರ ಸೌದಾ ಮುರೀತು. ಆಮ್ಯಾಲ ನೀ ನನ್ನ ಮಗಳು. ನನಗೇನ, ಛಲೋನೇ ಆತು. ನಿಮ್ಮವ್ವಗ ಏನ ಹೇಳ್ತಿ?"

ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಂದು ಹಗಲಿನ ಮಟ್ಟಿಗೆ ಅವರಿಗೂ ಮಗಳಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಅರ್ಜಿಯಲ್ಲಿ ತೌಡವ್ವ ಎಂದೇ ಬರೆದೆ.

ಮದುವೆಯಾಗಿ ಔರಂಗಾಬಾದಿಗೆ ಹೋದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮೌಶಿ ಹಾಸಿಗೆ ಹಿಡಿದರೆಂದು ತಿಳಿದು ಬಸ್ಸು ಹತ್ತಿ ಬಂದೆ. ಅವ್ವ ಗಿರಣಿಯಿಂದ ಒಂದು ಹಿಡಿ ತೌಡು ತಂದು ಅವರ ಅಂಗೈಗೆ ಹಾಕಿ, ಮುಂದೆ ಸೆರಗೊಡ್ಡಿ ಕುಳಿತಳು.

"ನಮ್ಮ ತೌಡ ನಮಗ ತಿರುಗಿ ಕೊಡ್ರಿ, ಅಕ್ಕಾರ. ಮಗಳು ಇನ್ನ ನಿಮ್ಮಾಕಿ."

ಮೌಶಿ ನನ್ನನ್ನೇ ನೋಡಿದರು. ಆಮೇಲೆ ಅಂಗೈ ಮಗುಚಿದರು; ಅರ್ಧ ತೌಡು ಚಾದರದ ಮೇಲೆ ಚೆಲ್ಲಿತು. ಉಳಿದದ್ದು ಅವ್ವನ ಸೆರಗಿಗೆ ಬಿತ್ತು.

ಮರುದಿನ ಬೆಳಿಗ್ಗೆ ಅವರ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನು. ಮೈ ತೊಳೆಸುವಾಗ ಎಷ್ಟು ಒರೆಸಿದರೂ ಹುಬ್ಬು ಬೆಳ್ಳಗೇ ಉಳಿಯಿತು. ಎತ್ತಲು ಬಂದವರು, ಇವರಿಗೆ ತಮ್ಮವರು ಅಂತ ಯಾರಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು.

ಅವ್ವ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ನೂಕಿದಳು.