ಕೂಗದೆ ಆಡಿದ ವಾಲಿಬಾಲ್

ರೇಷ್ಮಾಳ ತುಟಿ ಒಡೆದಿತ್ತು. ನನ್ನ ಮಗಳು ಅಕ್ಷತಾಳ ಹಣೆ ಊದಿತ್ತು. ಇಬ್ಬರೂ ಶಾಲೆಯ ಕಟ್ಟೆಯ ಮೇಲೆ ಕೂತು ಒಂದೇ ಐಸ್ ತುಂಡನ್ನು ಸರದಿಯಂತೆ ಒತ್ತಿಕೊಳ್ಳುತ್ತಿದ್ದರು.

ಫೋನ್ ಬಂದ ಕೂಡಲೇ ನಾನು ಮುನವಳ್ಳಿಯ ನನ್ನ ಟೇಲರಿಂಗ್ ಅಂಗಡಿಯಿಂದ ಹಾಗೆಯೇ ಓಡಿ ಬಂದಿದ್ದೆ. ಅಳತೆಯ ಟೇಪು ಕೊರಳಲ್ಲೇ ಇತ್ತು.

ಅಕ್ಷತಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಎಂಟನೆಯ ಕ್ಲಾಸು. ಆ ವರ್ಷವಷ್ಟೇ ವಾಲಿಬಾಲ್ ಟೀಮಿಗೆ ಸೇರಿದ್ದಳು. ರೇಷ್ಮಾ ಆ ಟೀಮಿನ ಕ್ಯಾಪ್ಟನ್.

ಪಿ.ಟಿ. ಸರ್ ನನ್ನನ್ನು ಪಕ್ಕಕ್ಕೆ ಕರೆದರು. “ಅಕ್ಕಾರ, ಇಬ್ಬರ ನಡುವ ಚಂಡು ಬಂತಂದ್ರ ಯಾರರ ಒಬ್ರು ‘ನಂದು’ ಅಂತ ಒದರಬೇಕ್ರಿ. ರೇಷ್ಮಾ ಒದರಿದ್ಲು. ಅಕ್ಷತಾಗ ಹೆಂಗ ಕೇಳಬೇಕು? ಇಬ್ಬರೂ ಡಿಕ್ಕಿ ಹೊಡದ್ರು.”

ಅವರೇ ಮುಂದುವರಿಸಿದರು. “ಹುಡುಗಿ ಭಾಳ ಚಲೋ ಆಡ್ತಾಳ್ರಿ. ಆದ್ರ ನಾಳೆ ಇದಕ್ಕಿಂತ ದೊಡ್ಡ ಪೆಟ್ಟಾದ್ರ? ಟೀಮಿನ ಸಂಗಾಟನ ಇರ್ಲಿ, ಪಾಯಿಂಟ್ ಬರಕೊಳ್ಲಿ.”

ಅವರ ದನಿಯಲ್ಲಿ ಬೇಸರವಿತ್ತೇ ಹೊರತು ತಾತ್ಸಾರವಿರಲಿಲ್ಲ. ನನಗೋ ವಾಲಿಬಾಲ್ ಬಗ್ಗೆ ಏನೂ ಗೊತ್ತಿಲ್ಲ, ಏನಂತ ವಾದ ಮಾಡಲಿ? “ಆಗ್ಲಿರಿ ಸರ” ಎಂದು ಬಂದೆ.

ಮನೆಯಲ್ಲಿ ಕೈಸನ್ನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಮಂಚದ ಕೆಳಗಿನ ಹಳೆಯ ಚೆಂಡು ತೆಗೆದುಕೊಂಡು, ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದಳು.

ಹಾಗೆ ನಲವತ್ತರ ವಯಸ್ಸಿನಲ್ಲಿ ನನ್ನ ಪಾಠ ಶುರುವಾಯಿತು…

ಒಂದು ಅಂಗೈಯೊಳಗೆ ಇನ್ನೊಂದನ್ನಿಟ್ಟು, ಎರಡೂ ಹೆಬ್ಬೆರಳು ಜೋಡಿಸಿ, ಮೊಳಕೈ ನೇರ ಮಾಡಿಸಿದಳು. ಮಣಿಕಟ್ಟಿಗಿಂತ ಸ್ವಲ್ಪ ಮೇಲಿನ ಚಪ್ಪಟೆ ಜಾಗವನ್ನು ತಟ್ಟಿ ತೋರಿಸಿದಳು. ಚೆಂಡು ಇಲ್ಲಿ ಬೀಳಬೇಕು, ಅಂಗೈ ಮೇಲಲ್ಲ.

ನಾನು ಬಟ್ಟೆ ಒಗೆಯುವವಳಂತೆ ಕೈ ಬೀಸಿದೆ. ಚೆಂಡು ಪಕ್ಕದ ಮನೆಯ ಮಾಳಿಗೆ ಸೇರಿತು.

ಅವಳು ಬಂದು ನನ್ನ ಭುಜ ಅದುಮಿದಳು, ಮೊಣಕಾಲು ಬಗ್ಗುವವರೆಗೆ. ಕೈ ಬೀಸಬಾರದು, ಕಾಲಿನ ಬಲದಿಂದ ಏಳಬೇಕು. ಆಮೇಲೆ ಮೂರು ಬೆರಳು ತೋರಿಸಿದಳು. ಒಬ್ಬಳು ತೆಗೆಯಬೇಕು, ಒಬ್ಬಳು ನೆಟ್ ಹತ್ತಿರ ಎತ್ತಿ ಕೊಡಬೇಕು, ಒಬ್ಬಳು ಆಚೆ ಹೊಡೆಯಬೇಕು. ಆ ಮೂರರೊಳಗೆ ಚೆಂಡು ದಾಟಿರಬೇಕು, ಒಬ್ಬಳೇ ಎರಡು ಸಲ ಸಾಲಾಗಿ ಮುಟ್ಟಬಾರದು.

ವಾರದಲ್ಲಿ ನನ್ನ ಮುಂಗೈಗಳು ಕೆಂಪಗಾದವು. ಬ್ಲೌಸ್ ಹೊಲಿಸಲು ಬಂದವರೆಲ್ಲ ಏನಾಯಿತೆಂದು ಕೇಳುವವರೇ.

ನಂತರ ಅವಳು ಹೊಸ ಆಟ ಹೂಡಿದಳು. ಚೆಂಡನ್ನು ನಮ್ಮ ತಗಡಿನ ಚಾವಣಿಯ ಮೇಲೆ ಎಸೆಯುವುದು. ಅದು ಉರುಳಿ ಎಲ್ಲಿ ಬೀಳುತ್ತದೋ ಗೊತ್ತಿಲ್ಲ, ಹತ್ತಿರವಿದ್ದವರು ತೆಗೆಯಬೇಕು.

ಆಡುವ ಮೊದಲು ದಿನವೂ ನನ್ನ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಲು ಹೇಳುತ್ತಿದ್ದಳು. ನಾನು ಎಡವಿ ಬೀಳಬಾರದೆಂದು ಹೇಳುತ್ತಾಳೆ ಅಂದುಕೊಂಡಿದ್ದೆ.

ಒಂದು ಸಂಜೆ ಹೊಳೆಯಿತು. ನಾವಿಬ್ಬರೂ ಒಂದು ಸಲವೂ ಡಿಕ್ಕಿ ಹೊಡೆದಿಲ್ಲ. ಚೆಂಡು ತಗಡಿನಿಂದ ಜಾರುವಾಗ ಅವಳು ಒಂದು ಕ್ಷಣ ನನ್ನ ಪಾದ ನೋಡುತ್ತಾಳೆ. ನನ್ನ ಹಿಮ್ಮಡಿ ಎದ್ದರೆ ಸಾಕು, ಅವಳು ಆಗಲೇ ಹಿಂದಕ್ಕೆ ಸರಿದಿರುತ್ತಾಳೆ.

ಮರುದಿನ ನಾನು ಹೆದರಿಕೆಯಿಂದಲೇ ಶಾಲೆಗೆ ಹೋಗಿ ಪಿ.ಟಿ. ಸರ್‌ಗೆ ಹೇಳಿದೆ. “ಸರ, ಆಕಿಗೆ ಕೇಳಸೂದಿಲ್ಲ ಖರೆ. ಆದ್ರ ಬಾಜೂಕಿದ್ದವ್ರ ಕಾಲ ನೋಡಿ ತಿಳಕೋತಾಳ್ರಿ. ಒಮ್ಮೆ ನೋಡ್ರಿ.”

ಅಲ್ಲೇ ಇದ್ದ ರೇಷ್ಮಾ ಬಾಯಿ ಹಾಕಿದಳು. “ಸರ, ನಾವೂ ಒದರೂದು ಬ್ಯಾಡ್ರಿ. ಯಾರು ತಗೋತಾರೋ ಅವ್ರು ಕೈ ಅಗಲ ಮಾಡ್ಲಿ. ಉಳದವ್ರು ಹಿಂದ ಸರೀತೀವಿ.”

“ಆರೂ ಮಂದಿ ಬಾಯಿ ಮುಚ್ಚಿ ಆಡ್ತೀರೇನು?”

“ಮೂರು ವಾರ ಕೊಡ್ರಿ ಸರ.”

ಸರ್ ಕೊಟ್ಟರು. ಮೊದಮೊದಲು ಯಾರಾದರೊಬ್ಬಳು ಮರೆತು ಕೂಗಿಬಿಡುತ್ತಿದ್ದಳಂತೆ.

ಮೂರು ವಾರದ ಮೇಲೆ ಯರಗಟ್ಟಿಯಲ್ಲಿ ಒಂದು ಫ್ರೆಂಡ್ಲಿ ಮ್ಯಾಚ್. ನಾನು ಅಂಗಡಿ ಮುಚ್ಚಿ ಬಸ್ಸು ಹತ್ತಿದೆ.

ಆಚೆ ಅಂಕಣದಲ್ಲಿ ಒಂದೇ ಗದ್ದಲ. ನಮ್ಮ ಕಡೆ ಆರು ಹುಡುಗಿಯರು, ಒಂದು ಮಾತಿಲ್ಲ. ಚೆಂಡು ಕೈಗೆ ಬಡಿಯುವ ಸದ್ದು, ಮಣ್ಣಿನಲ್ಲಿ ಕಾಲು ಉಜ್ಜುವ ಸದ್ದು, ಅಷ್ಟೇ. ಮೊದಲು ನಕ್ಕ ಜನ ಎರಡನೆಯ ಸೆಟ್ ಹೊತ್ತಿಗೆ ತಾವೂ ಸುಮ್ಮನಾದರು.

ಮೂರನೆಯ ಸೆಟ್. ಹನ್ನೊಂದು, ಹನ್ನೊಂದು.

ಆಚೆಯ ಸರ್ವಿಸ್ ನೆಟ್ ದಾಟಿ ನೇರ ರೇಷ್ಮಾ ಮತ್ತು ಅಕ್ಷತಾಳ ನಡುವೆ ಇಳಿಯುತ್ತಿದೆ.

ಅಕ್ಷತಾಳ ಕೈ ಅಗಲವಾಗುತ್ತದೆ. ರೇಷ್ಮಾ ಒಂದು ಹೆಜ್ಜೆ ಹಿಂದೆ. ಅಕ್ಷತಾ ಬಗ್ಗಿ ತೆಗೆಯುತ್ತಾಳೆ, ನೆಟ್ ಹತ್ತಿರದವಳು ಎತ್ತುತ್ತಾಳೆ, ಮೂರನೆಯವಳು ಹೊಡೆಯುತ್ತಾಳೆ. ಒಬ್ಬಳಿಂದ ಒಬ್ಬಳಿಗೆ ನೀರು ಹರಿದ ಹಾಗೆ. ಆರು ಮೈಯೊಳಗೆ ಒಂದೇ ಜೀವವಿದೆಯೇನೋ ಅನ್ನಿಸಿತು.

ಆ ಪಾಯಿಂಟ್ ಬಂತು. ಮ್ಯಾಚ್ ಬರಲಿಲ್ಲ. ಹದಿಮೂರು, ಹದಿನೈದಕ್ಕೆ ಸೋತರು.

ಕೈ ಕುಲುಕುವಾಗ ಯರಗಟ್ಟಿಯ ಕ್ಯಾಪ್ಟನ್ ರೇಷ್ಮಾಳನ್ನು ಕೇಳಿದಳು, “ಮಾತಾಡದ ಹೆಂಗ ಆಡ್ತೀರಿ ನೀವು?”

“ಮಾತಾಡ್ತಿದ್ವಿ ಅಲಾ,” ಅಂದಳು ರೇಷ್ಮಾ, “ನಿಮಗ ಕೇಳ್ಸಲಿಲ್ಲ.”

ಸರ್ ನನ್ನ ಕಡೆ ನೋಡಿದರು. “ಅಕ್ಕಾರ, ಪಾಯಿಂಟ್ ಬರಿಯಾಕ ಬ್ಯಾರೆ ಯಾರನ್ನರ ಹುಡುಕ್ತೇನ್ರಿ” ಅಂದರು.

ಹದಿಮೂರು ವರ್ಷ, ಕೈಸನ್ನೆ ಮಾಡುವಾಗಲೂ, ಅವಳಿಗೆ ಕೇಳಿಸಲಿ ಎಂದು ನಾನು ದನಿ ಏರಿಸುತ್ತಲೇ ಬಂದೆ. ಐದು ಹುಡುಗಿಯರು ಮೂರೇ ವಾರದಲ್ಲಿ ತಮ್ಮ ದನಿ ಇಳಿಸಿ ಅವಳನ್ನು ಸೇರಿಕೊಂಡರು… ಇದು ನನಗೆ ಯಾಕೆ ಹೊಳೆದಿರಲಿಲ್ಲ?