ಬತ್ತಿ ಕಿತ್ತ ಮೆಣಸಿನ ಗಿಡ

ಬೀದಿ ಮೂಲೆಯ ಟೈಲರಮ್ಮ ತಾರಸಿಯ ಮೇಲೆ ಬಕೆಟ್ಟುಗಳಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದಳು. ದಿನವಿಡೀ ಮಿಷನ್ ತುಳಿಯುವವಳಿಗೆ ನೀರು ಹಾಕಲು ಪುರಸೊತ್ತೆಲ್ಲಿ? ಅದಕ್ಕೇ ಒಂದರೊಳಗೊಂದು ಬಕೆಟ್ ಇಟ್ಟು, ಕೆಳಗಿನದಕ್ಕೆ ನೀರು ತುಂಬಿ, ಮೇಲಿನದರ ತಳಕ್ಕೆ ತೂತು ಮಾಡಿ ಬಟ್ಟೆಯ ಬತ್ತಿ ಇಳಿಬಿಟ್ಟಿದ್ದಳು. ಗಿಡಗಳು ಬೇಕಾದಷ್ಟು ನೀರನ್ನು ತಾವೇ ಹೀರಿಕೊಂಡು ಕೊಬ್ಬಿದ್ದವು. ಕಾಯಿ ಮಾತ್ರ ಸಪ್ಪೆ.

ಅವಳ ಗಂಡನ ಬಾಯಿಗೆ ಬೀಗವಿರಲಿಲ್ಲ. ಊಟಕ್ಕೆ ಬಂದವರೆದುರೆಲ್ಲ, "ನಮ್ಮನೆಯವಳು ಬೆಳೆದಿದ್ದು, ಅವಳ ಥರಾನೇ. ನೋಡೋಕಷ್ಟೇ, ಒಳಗೇನೂ ಇಲ್ಲ" ಎಂದು ನಗಿಸುತ್ತಿದ್ದ. ಅವಳು ಹಲ್ಲುಕಚ್ಚಿಕೊಂಡು ಬಡಿಸುತ್ತಿದ್ದಳು.

ಲಕ್ವ ಹೊಡೆದ ಮೇಲೆ ಅವನಿಗೆ ಪಿಳಿಪಿಳಿ ಕಣ್ಣು ಬಿಡುವುದೊಂದೇ ಉಳಿಯಿತು. ಆಗ ಅವಳು ಒಂದು ಗಿಡದ ಬತ್ತಿ ಕಿತ್ತಳು. ಬಾಯಾರಿದ ಗಿಡದ ಕಾಯಿಗೆ ಖಾರ ಜಾಸ್ತಿ ಎಂದು ಬೀಜದಂಗಡಿಯವನು ಹೇಳಿದ್ದ. ಎಲೆ ಜೋತುಬಿದ್ದಾಗ ಒಂದು ಲೋಟ ನೀರು ಹಾಕುತ್ತಿದ್ದಳು, ಸಾಯದಷ್ಟು ಮಾತ್ರ.

ಆ ಕಾಯಿಯನ್ನು ಅರೆದು ಗಂಜಿಗೆ ಕಲಸಿ ಅವನ ಬಾಯಿಗಿಟ್ಟ ದಿನ ನಾದಿನಿ ನೋಡಲು ಬಂದಿದ್ದಳು. ಅವನ ಮುಖ ಕೆಂಪೇರಿ, ಕಣ್ಣಿಂದ ನೀರು ಧಾರೆಯಾಗಿ ಸುರಿಯಿತು.

"ಪಾಪ, ಅಣ್ಣಂಗೆ ಈಗ ನಿಮ್ಮ ಬೆಲೆ ಗೊತ್ತಾಗಿದೆ ಅತ್ತಿಗೆ" ಎಂದು ನಾದಿನಿಯೂ ಕಣ್ಣೊತ್ತಿಕೊಂಡಳು. "ಎಷ್ಟು ಚೆನ್ನಾಗಿ ನೋಡ್ಕೋತಿದೀರ."

"ಕಟ್ಕೊಂಡ ಮೇಲೆ ಮಾಡ್ದೆ ಇರೋಕಾಗುತ್ತಾ" ಎಂದಳು ಟೈಲರಮ್ಮ. ಗಂಡನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದಳು, "ಈಗ ಖಾರ ಸರಿಯಾಗಿದೆಯೇನ್ರೀ?"

ಆಮೇಲೆ, ಮೆಣಸು ಅರೆದ ಕೈಯನ್ನು ತೊಳೆಯದೆಯೇ, ಅವನ ಎರಡೂ ಕಣ್ಣುಗಳನ್ನು ಒರೆಸಿದಳು.